ಶುಲ್ಕದ ಪತ್ರ, ತೆರಿಗೆಯ ಹಕ್ಕು

ನೆರೆಮನೆಯ ರಾಯರು ಮೊನ್ನೆ ಹಿಗ್ಗಿನಿಂದ ಬಂದರು. ಕಳೆದ ವರ್ಷ ಎಂ.ಎಸ್. ವ್ಯಾಸಂಗಕ್ಕೆಂದು ಅಮೆರಿಕೆಗೆ ತೆರಳಿದ ಮಗನಿಗೆ ಕಾಲೇಜಿನಿಂದ 1098-ಟಿ ಎಂಬ ಶುಲ್ಕದ ಪತ್ರ ಬಂದಿತ್ತು. "ತೆರಿಗೆಯಲ್ಲಿ 2,500 ಡಾಲರ್ ರಿಯಾಯಿತಿಯಂತೆ, ಮೇಷ್ಟ್ರೆ!" ಎಂದರು.

2009ರಲ್ಲಿ ಬಂದ ಆ ರಿಯಾಯಿತಿ ಉನ್ನತ ಶಿಕ್ಷಣದ ಮೊದಲ 4 ವರ್ಷಗಳಿಗೆ ಮಾತ್ರ. ಗರಿಷ್ಠ 2,000 ಡಾಲರಿನ ಇನ್ನೊಂದಕ್ಕೆ ವರ್ಷಗಳ ಮಿತಿಯಿಲ್ಲ, ನಿಜ. ಆದರೆ ಎಫ್-1 ವೀಸಾದ ವಿದ್ಯಾರ್ಥಿಯು ಸಾಮಾನ್ಯವಾಗಿ ಮೊದಲ 5 ವರ್ಷ ತೆರಿಗೆಯ ಲೆಕ್ಕಕ್ಕೆ ಅನಿವಾಸಿ. ಅವನಿಗೆ ಎರಡೂ ಸಲ್ಲವು. ಪತ್ರ ಬಂದ ಮಾತ್ರಕ್ಕೆ ಹಕ್ಕು ಬಾರದು. ಸಲ್ಲದ್ದನ್ನು ಪಡೆದರೆ ಬಡ್ಡಿಸಹಿತ ಹಿಂದಿರುಗಿಸಬೇಕು.

ರಾಯರ ಮುಖ ಬಾಡಿತು. "ಬ್ಯಾಂಕಿನ ಸಾಲಕ್ಕೆ ನಾಲ್ಕು ಕಂತಾದೀತೆಂದಿದ್ದೆ" ಎಂದರು.

ಆದರೂ ಆ ರಾತ್ರಿಯೇ ಮಗನಿಗೆ ತಿಳಿಸಿದರು: "ನಮ್ಮದಲ್ಲದ್ದು ಬೇಡಪ್ಪ."