ಅಜ್ಜಿಗೆ ಬರೆದ ಕಾರ್ಡು

ಕಳೆದ ಭಾನುವಾರ ನಮ್ಮ ಆಲ್ಡಿ ಮನೆಯಲ್ಲೊಂದು ಸಣ್ಣ ದುರಂತ ನಡೆಯಿತು. ತೀರ್ಥಹಳ್ಳಿಯ ಅಜ್ಜಿಯ ಹುಟ್ಟುಹಬ್ಬಕ್ಕೆಂದು ಎಂಟು ವರ್ಷದ ಮಗಳು, ಯಾರೂ ಹೇಳದೆಯೇ, ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದಳು. ಮಿರಿಮಿರಿ ಮಿಂಚುವ ಕಾರ್ಡು, ನೇರಳೆ ಬಣ್ಣದ ಜೆಲ್ ಪೆನ್ನು. ನನಗೆ ತೋರಿಸಲು ಎತ್ತುವಾಗ ಅಂಗೈ ತಾಗಿ "ಅಜ್ಜಿ" ಪೂರ್ತಿ ಬಳಿದುಕೊಂಡು ಹೋಯಿತು. "ಕನ್ನಡ ಈಸ್ ಟೂ ಹಾರ್ಡ್. ಇನ್ನು ಬರೆಯಲ್ಲ" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಪ್ಪು ಕನ್ನಡದ್ದಲ್ಲ, ಕಾರ್ಡಿನದು. ಕಾಗದದ ಮೇಲಿನ ಲೇಪ ಹೇಗೆ ಒಣಗುತ್ತದೆ, ದ್ರವ ಅದರೊಳಗೆ ಹೇಗೆ ಇಳಿಯುತ್ತದೆ ಎನ್ನುವುದರ ಮೇಲೆಯೇ ನನ್ನ ಪಿಎಚ್.ಡಿ. ಆದರೂ ಅವಳಿಗೆ ವಿವರಿಸಲು ಬಾಯಿ ತೆರೆದರೆ ಬಂದದ್ದು ಬರೀ ಇಂಗ್ಲಿಷ್. ನನ್ನ ಕೆಲಸಕ್ಕೆ ನನ್ನಲ್ಲೇ ಕನ್ನಡ ಇರಲಿಲ್ಲ.

ಮಾತು ಬಿಟ್ಟು ನೀರು ತಂದೆ. ಕಾಫಿ ಫಿಲ್ಟರ್, ನ್ಯೂಸ್‌ಪೇಪರ್, ಆ ಕಾರ್ಡು, ಮೂರರ ಮೇಲೂ ಒಂದೊಂದು ಹನಿ. ಫಿಲ್ಟರ್ ತಕ್ಷಣ ಹೀರಿತು. ನ್ಯೂಸ್‌ಪೇಪರಿನಲ್ಲಿ ನಿಧಾನವಾಗಿ ಇಂಗಿತು. ಕಾರ್ಡಿನ ಮೇಲೆ ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ಕೂತಿತು. ಹೀರು, ಇಂಗು, ಜಿನುಗು, ಒಸರು, ಹಬ್ಬು. ಅರೆ, ಪದಗಳು ಇದ್ದವಲ್ಲ!

ಸಾದಾ ಕಾಗದ ಎಂದರೆ ನಾರುಗಳ ಹೆಣಿಗೆ, ನಡುವೆ ಸಂದುಗಳು. ನುಣುಪು ಕಾಗದಕ್ಕೆ ಅದರ ಮೇಲೆ ಬಿಳಿ ಜೇಡಿಮಣ್ಣು ಅಥವಾ ಸುಣ್ಣದಕಲ್ಲಿನ ಪುಡಿಯನ್ನು ಅಂಟಿನೊಂದಿಗೆ ಕಲಸಿ ಬಳಿದಿರುತ್ತಾರೆ. ಆ ಲೇಪದ ರಂಧ್ರಗಳು ಎಷ್ಟು ಕಿರಿದೆಂದರೆ ಶಾಯಿ ಒಳಗಿಳಿಯಲು ಹೊತ್ತು ಬೇಕು. ಮೇಲೆ ಪ್ಲಾಸ್ಟಿಕ್ ಪೊರೆಯೂ ಇದ್ದರೆ ಇಳಿಯುವುದೇ ಇಲ್ಲ, ಗಾಳಿಗೆ ಆರಬೇಕಷ್ಟೆ. (ಅಟ್ಲಾಂಟಾದ ಓದುಗರೇ, ಆ ಬಿಳಿ ಮಣ್ಣಿಗೆ ನಿಮ್ಮ ಜಾರ್ಜಿಯಾ ಪ್ರಸಿದ್ಧ. ಸ್ಯಾಂಡರ್ಸ್‌ವಿಲ್ ಊರು ತನ್ನನ್ನು ಕಯೋಲಿನ್ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ.)

ಕಷ್ಟವಿರುವುದು ಒಣಗಿಸುವುದರಲ್ಲಿ. ಹಸಿ ಲೇಪದ ನೀರು ಸ್ವಲ್ಪ ಕೆಳಗೆ ಕಾಗದಕ್ಕೆ ಇಂಗುತ್ತದೆ, ಸ್ವಲ್ಪ ಮೇಲೆ ಆವಿಯಾಗುತ್ತದೆ. ಅವಸರಪಟ್ಟು ಬಿಸಿಗಾಳಿ ಜೋರು ಮಾಡಿದರೆ ಮೇಲೇರುವ ನೀರಿನ ಜೊತೆ ಅಂಟೂ ಮೇಲೆ ಬಂದು, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸೇರಿಕೊಳ್ಳುತ್ತದೆ. ಆಮೇಲೆ ಮುದ್ರಿಸಿದರೆ ಆಕಾಶದ ನೀಲಿ ಮಚ್ಚೆ ಮಚ್ಚೆ. ಅಂಟೇ ಸಾಲದಿದ್ದರೆ ಇನ್ನೊಂದು ತಾಪತ್ರಯ: ಊರಿನ ಸುಣ್ಣದ ಗೋಡೆಗೆ ಒರಗಿ ಎದ್ದಾಗ ಬೆನ್ನೆಲ್ಲ ಬೆಳ್ಳಗಾಗುತ್ತಿತ್ತಲ್ಲ, ಅದೇ.

ಸಂಜೆ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅದರಲ್ಲೇನಿದೆ, ನಮ್ಮ ಕಡತ ಮಾಡ್ತಿದ್ದದ್ದೂ ಹಾಗೇ ಅಲ್ವೇನೆ" ಅಂದರು. ಈಗ ಕಡತ ಎಂದರೆ ಸರ್ಕಾರಿ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ: ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿ ಅಕ್ಷರ ಬರೆಯುತ್ತಿದ್ದರು. ಶೃಂಗೇರಿ ಮಠದ ಲೆಕ್ಕಪತ್ರದ ಕಡತಗಳು ಇಂದಿಗೂ ಇವೆ. ಪುಡಿ, ಅಂಟು, ನೀರು: ನನ್ನ ಲ್ಯಾಬಿನದೂ ಇದೇ ಪಾಕ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ.

ಮಗಳು ಅಷ್ಟರಲ್ಲಿ ಪರದೆಯ ಹತ್ತಿರ ಬಂದಿದ್ದಳು. "ಅಜ್ಜೀ, ಬ್ಲ್ಯಾಕ್ ಬಟ್ಟೆ ಮೇಲೆ ವೈಟ್ ಅಕ್ಷರಾನಾ?"

ಮನೆಯಲ್ಲಿ ಮಾಡಿ ನೋಡಲು ಒಂದು ಆಟ. ಕಾಫಿ ಫಿಲ್ಟರನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಇಂಚಿಗೊಂದು ಪೆನ್ಸಿಲ್ ಗೆರೆ ಎಳೆದು, ತುದಿಯನ್ನು ನೀರಿಗೆ ತಾಗಿಸಿ ತೂಗುಹಾಕಿ. ಮಗು ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಲಿ. ಎರಡನೇ ಗೆರೆಗೆ ಬೇಕಾಗುವ ಹೊತ್ತು ಮೊದಲನೆಯದರ ಎರಡರಷ್ಟಲ್ಲ, ಹೆಚ್ಚುಕಡಿಮೆ ನಾಲ್ಕರಷ್ಟು. ಮೇಲೇರಿದಷ್ಟೂ ನೀರಿಗೆ ದಾರಿಯ ತಡೆ ಹೆಚ್ಚು. ಲೂಕಾಸ್ 1918ರಲ್ಲಿ, ವಾಶ್‌ಬರ್ನ್ 1921ರಲ್ಲಿ ಕೊಟ್ಟ ಈ ಲೆಕ್ಕವನ್ನು ನಾವು ಇಂದಿಗೂ ಬಳಸುತ್ತೇವೆ. ನಮ್ಮ ಮನೆಯಲ್ಲಿ ಮೂವತ್ತರ ಆಚೆ ಎಣಿಕೆ ತಡವರಿಸಿತು, ಅದು ಬೇರೆ ಮಾತು.

ಸೋಮವಾರ ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಮತ್ತೆ ಬರೆದಳು, ಕಾರ್ಡಿನೊಳಗೆ ಅಂಟಿಸಿದಳು. ಈ ಸಲ ನಾಲ್ಕಲ್ಲ, ಆರು ಸಾಲು. ಕೊನೆಯದು ಹೀಗಿದೆ: "ಅಜ್ಜಿ ನನಗೆ ಕಡತ ಬೇಕು." ಹುಣಸೆಬೀಜಕ್ಕಾಗಿ ಇಂಡಿಯನ್ ಅಂಗಡಿಗೆ ಹೋಗಬೇಕಿದೆ.