ಆಟಕ್ಕುಂಟು, ಲೆಕ್ಕಕ್ಕಿಲ್ಲ

ನೆರೆಮನೆಯ ಸೊಸೆ ಮೊನ್ನೆ ನಮ್ಮಲ್ಲಿಗೆ ಬಂದಿದ್ದಾಗ, ತನ್ನ ಮೂರು ವರ್ಷದ ಮಗುವನ್ನು ಅಂಗನವಾಡಿಯಿಂದ ಬಿಡಿಸುವೆನೆಂದಳು. ಅಲ್ಲಿ ಐದಾರು ವರ್ಷದವರೊಡನೆ ಒಂದೇ ಅಂಗಳದಲ್ಲಿ ಆಡಬಿಡುವರಂತೆ. ಕೂಸನ್ನು ಯಾರಾದರೂ ಕೆಡವಿದರೆ ಗತಿಯೇನು? ತಾಯಿಯ ಈ ಭಯವನ್ನು ಹಗುರವಾಗಿ ಕಾಣತಕ್ಕುದಲ್ಲ.

ಆದರೆ 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೊಡನೆ ಮೊದಲಾದ ಈ ಕೇಂದ್ರಗಳಿಗೆ ಅಂಗಳದ ಹೆಸರನ್ನೇ ಇಟ್ಟಿರುವುದನ್ನು ವಾಚಕರು ಗಮನಿಸಬೇಕು. (ಬಾಡಿಗೆಯ ಕೋಣೆಯಲ್ಲಿ ನಡೆಯುವ ಎಷ್ಟೋ ಕೇಂದ್ರಗಳಿಗೆ ಅಂಗಳವೇ ಇಲ್ಲವೆಂಬುದು ಬೇರೆಯ ಸಂಕಟ.) ನಮ್ಮ ಮನೆಗಳ ಅಂಗಳದಲ್ಲಿ ಮಕ್ಕಳೇ ಕಿರಿಯರಿಗೊಂದು ಪದವಿಯನ್ನು ಕಲ್ಪಿಸಿದ್ದರು: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಕಣ್ಣಾಮುಚ್ಚಾಲೆಯಲ್ಲಿ ಕೂಸು ಓಡಬಹುದು, ಅಡಗಬಹುದು. ಸಿಕ್ಕಿಬಿದ್ದರೂ ಕಣ್ಣು ಮುಚ್ಚಿಸಿಕೊಳ್ಳುವ ಸರದಿ ಅದಕ್ಕಿಲ್ಲ. ಎಂತಹ ಉದಾರವಾದ ನಿಯಮ! ದೊಡ್ಡವರಾದ ನಾವು ಅದನ್ನು ಮೂದಲಿಕೆಯ ಮಾತಾಗಿ ಕೆಡಿಸಿದೆವು. ಕಿರಿಯದು ನೋಡಿ ಕಲಿಯುವುದು ಎಲ್ಲರಿಗೂ ತಿಳಿದದ್ದೇ. ಹಿರಿಯದು ತನ್ನ ಓಟವನ್ನು ತಗ್ಗಿಸಿ, ಬೇಕೆಂದೇ ಕೈಗೆ ಸಿಕ್ಕುವುದುಂಟಲ್ಲ, ಆ ಪಾಠವು ಸಮವಯಸ್ಕರ ನಡುವೆ ದೊರೆಯುವುದು ಅಪರೂಪ.

ನೋಡಿಕೊಳ್ಳುವವರು ಮಾತ್ರ ಎಚ್ಚರದಿಂದಿರಬೇಕು. ಮಗು ತಾನೇ ಹತ್ತಲಾರದ ಎತ್ತರದಲ್ಲಿ ಅದನ್ನು ಎತ್ತಿ ಕೂರಿಸಬಾರದು. ಹಿರಿಯರ ಗೋಲಿ, ಹುಣಿಸೆಬೀಜಗಳು ಎಳೆಯ ಕೂಸುಗಳ ಬಾಯಿಗೆ ಎಟುಕಕೂಡದು. ಬಿರುಸಾದ ಚೆಂಡಾಟಕ್ಕೆ ಬೇರೊಂದು ಮೂಲೆಯಿರಲಿ.

ಇಷ್ಟನ್ನೂ ಕೇಳಿದ ಆಕೆ, ಸೋಮವಾರ ಅರ್ಧ ಗಂಟೆ ಬೇಲಿಯ ಬಳಿ ನಿಂತು ನೋಡಿಬರುವೆನೆಂದು ಹೇಳಿ ಹೋಗಿದ್ದಾಳೆ. ಅಲ್ಲಿಯವರೆಗೆ ಬಿಡಿಸುವುದಿಲ್ಲವಂತೆ.