ತೆಂಗಿನಕಾಯಿ ಕೇಕ್‌ಗೆ ಬಾಯಾರಿಕೆ ಜಾಸ್ತಿ

ಭಾನುವಾರ ಮಧ್ಯಾಹ್ನ ಓವನ್‌ನಿಂದ ತೆಗೆದಾಗ ಮನೆಯೆಲ್ಲಾ ಘಮಘಮ. ಸಂಜೆ ಕಾಫಿ ಜೊತೆ ಒಂದೊಂದು ಸ್ಲೈಸ್, 'ಪರವಾಗಿಲ್ವೇ, ಚೆನ್ನಾಗಿ ಬಂದಿದೆ' ಅಂತ ಮನೆಯವರ ಸರ್ಟಿಫಿಕೇಟು. ಸೋಮವಾರ ಅದೇ ಕೇಕನ್ನು ಡಬ್ಬಿಯಲ್ಲಿ ಆಫೀಸಿಗೆ ಒಯ್ದರೆ ಪುಡಿಪುಡಿ. ಒಂದು ತುತ್ತಿಗೆ ಎರಡು ಗುಟುಕು ನೀರು ಬೇಕು. ತೆಂಗಿನಕಾಯಿ ಲೋಫ್ ಕೇಕ್ ಮಾಡಿ ನೋಡಿದವರಲ್ಲಿ ಬಹಳ ಮಂದಿ ಹೇಳುವ ಕಥೆ ಇದೇ.

ಆಮೇಲೆ ಶುರುವಾಗುತ್ತೆ ತನಿಖೆ. ಓವನ್ ಸರಿಯಿಲ್ಲ ಅಂತಾರೆ, ಮೈದಾ ಹಳೇದು ಅಂತಾರೆ, ಮೊಟ್ಟೆ ಹಾಕದೆ ಇದ್ದರೆ ಹೀಗೇ ಆಗೋದು ಅಂತಾರೆ. ನಾನು ಮೊದಲು ಅನುಮಾನ ಪಡುವುದು ಕಾಯಿಯನ್ನೇ. ಒಣಗಿದ ಕೊಬ್ಬರಿಗೆ ಭಾರೀ ಬಾಯಾರಿಕೆ. ಹಿಟ್ಟಿಗೆ ಬೀಳುವ ಮುಂಚೆ ಅದಕ್ಕೆ ನೀವು ಕುಡಿಸದಿದ್ದರೆ ಅದು ಕೇಕಿನಿಂದಲೇ ಕುಡಿಯುತ್ತದೆ. ಓವನ್‌ನಲ್ಲಿ ಇರುವಾಗಲೂ ಕುಡಿಯುತ್ತೆ, ರಾತ್ರಿಯಿಡೀ ಡಬ್ಬಿಯಲ್ಲಿ ಕೂತೂ ಕುಡಿಯುತ್ತೆ. ಸಂಜೆ ಮೆತ್ತಗಿದ್ದದ್ದು ಬೆಳಿಗ್ಗೆ ಒಣಗಿರುವುದಕ್ಕೆ ಕಾರಣ ಇದು.

ಲೆಕ್ಕ ನೋಡಿ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ. ಅಂಗಡಿಯಲ್ಲಿ ಡೆಸಿಕೇಟೆಡ್ ಕೋಕೊನಟ್ ಅಂತ ಸಿಗುವ ಪ್ಯಾಕೆಟ್ ಪುಡಿಯಲ್ಲಿ ಆ ನೀರು 3 ಶೇಕಡಾದಷ್ಟು ಮಾತ್ರ. ರೆಸಿಪಿಯಲ್ಲಿ 'ಒಂದು ಕಪ್ ತುರಿ' ಅಂತ ಬರೆದುಬಿಟ್ಟಿರುತ್ತಾರೆ, ಯಾವ ತುರಿ ಅಂತ ಬರೆಯುವುದಿಲ್ಲ. ನೀವು ಹಸಿ ತುರಿಯ ಜಾಗಕ್ಕೆ ಪ್ಯಾಕೆಟ್ ಪುಡಿ ಸುರಿದರೆ ಕೇಕಿನಿಂದ ಅರ್ಧ ಲೋಟದಷ್ಟು ನೀರನ್ನು ಕದ್ದ ಹಾಗೆ. ಉಲ್ಟಾ ಮಾಡಿದರೆ ನಡುವೆ ಹಸಿಹಸಿ, ಬೇಯದ ಇಡ್ಲಿಯ ಹಾಗೆ.

ನಮ್ಮ ಕಡೆ ಮೂರನೆಯದೂ ಒಂದಿದೆಯಲ್ಲ, ಉಂಡೆ ಕೊಬ್ಬರಿ. ತಿಪಟೂರು, ಅರಸೀಕೆರೆ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ಹತ್ತು ಹನ್ನೆರಡು ತಿಂಗಳು ಇಟ್ಟು ಒಳಗಿನ ನೀರು ತಾನಾಗಿ ಇಂಗಿದ ಮೇಲೆ ಒಡೆಯುತ್ತಾರೆ. ಅಲ್ಲಾಡಿಸಿದರೆ ಒಳಗೆ ಗುಂಡು ಲಟಲಟ ಅನ್ನಬೇಕು. ಆ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಪರಿಮಳ ಪ್ಯಾಕೆಟ್ ಪುಡಿಗಿಂತ ಎಷ್ಟೋ ಮೇಲು. ಕೇಕಿಗೆ ಧಾರಾಳವಾಗಿ ಬಳಸಬಹುದು, ಅಳತೆ ಪ್ಯಾಕೆಟ್ ಪುಡಿಯದ್ದೇ. ಆದರೆ ತುರಿಯುವ ಮುಂಚೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಮಟು ವಾಸನೆ ಬಂದರೆ ಏಲಕ್ಕಿಯೂ ಉಳಿಸಲ್ಲ, ವೆನಿಲ್ಲಾವೂ ಉಳಿಸಲ್ಲ.

ತಿಪಟೂರಿನ ಮಾತು ಬಂದದ್ದಕ್ಕೆ ಕಾರಣ ಇದೆ. ನಮ್ಮ ನಾದಿನಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳ ಅಪ್ಪನ ಕಡೆಯವರು ಅಲ್ಲಿಯವರು. ಊರಿಂದ ಬರುವಾಗೆಲ್ಲ ಒಂದು ಚೀಲ ಕಾಯಿ ಬರುತ್ತೆ. ಒಬ್ಬಳೇ ಇರುವ ಫ್ಲ್ಯಾಟಿನಲ್ಲಿ ಅಷ್ಟು ಕಾಯಿ ಏನು ಮಾಡ್ತಾಳೆ ಪಾಪ! ಯುಟಿಲಿಟಿಯ ಮೂಲೆಯಲ್ಲಿ ಕೂತು ಒಂದೊಂದೇ ಕೆಡುತ್ತಿತ್ತು. ಎಸೆಯೋಕೆ ಕೈ ಬರಲ್ಲ, ಅಪ್ಪ ಹೊತ್ತು ತಂದದ್ದು. ಬೇಡ ಅನ್ನೋಕೆ ಬಾಯಿ ಬರಲ್ಲ. ಮನೆಯಿಂದ ದೂರ ಇರುವ ಎಷ್ಟೋ ಜನರಿಗೆ ಈ ಚೀಲದ ಸಂಕಟ ಗೊತ್ತಿರುತ್ತೆ ಅಂದ್ಕೋತೀನಿ.

ಕಳೆದ ವರ್ಷ ಅವಳ ಅಜ್ಜಿಗೆ 80 ತುಂಬಿತು. ಫೋನ್ ಮಾಡಿ, "ಅತ್ತೆ, ಈ ಕಾಯಲ್ಲೇ ಒಂದು ಕೇಕ್ ಮಾಡ್ಕೊಂಡು ಹೋಗ್ಬೇಕು. ಅಜ್ಜಿ ಮೊಟ್ಟೆ ಮುಟ್ಟಲ್ಲ. ಹಲ್ಲೂ ಇಲ್ಲ" ಅಂದಳು. "ಕ್ರೀಮ್ ಕೇಕ್ ಆರ್ಡರ್ ಮಾಡಿಬಿಡೇ" ಅಂದೆ. "ಆ ಕ್ರೀಮ್ ಅಜ್ಜಿಗೆ ಆಗಲ್ಲ ಅತ್ತೆ, ಹೋದ ಸಲ ಒಂದು ಚಮಚ ತಿಂದು ಪಕ್ಕಕ್ಕೆ ಇಟ್ರು. ಎಲ್ಲರೂ ತಿಂತಿದ್ರು, ಅವರು ಸುಮ್ನೆ ನೋಡ್ಕೊಂಡು ಕೂತಿದ್ರು. ಈ ಸಲ ಹಾಗಾಗಬಾರದು." ಶನಿವಾರ ರಾತ್ರಿ ಬೇಯಿಸಬೇಕು, ಭಾನುವಾರ ಬೆಳಿಗ್ಗೆ ರೈಲು, ಮಧ್ಯಾಹ್ನ ಅಜ್ಜಿಯ ಬಾಯಲ್ಲಿ ಕರಗಬೇಕು. ಮೊಟ್ಟೆ ಇಲ್ಲ, ಕ್ರೀಮ್ ಇಲ್ಲ, ಮರುದಿನಕ್ಕೂ ಮೆತ್ತಗೆ. ನಾವಿಬ್ಬರೂ ಫೋನಿನಲ್ಲೇ ಕೂತು ಹೊಂದಿಸಿದ ಅಳತೆ ಮುಂದೆ ಇದೆ.

ಮೈದಾ 190 ಗ್ರಾಂ, ಅಂದರೆ ಒಂದೂವರೆ ಕಪ್. ಪ್ಯಾಕೆಟ್ ಕೊಬ್ಬರಿ ಪುಡಿ 75 ಗ್ರಾಂ, ಅದನ್ನು ನೆನೆಸಲು 150 ಎಂಎಲ್ ಬಿಸಿ ಹಾಲು ಅಥವಾ ಕಾಯಿಹಾಲು. ಹಸಿ ತುರಿ ಆದರೆ 150 ಗ್ರಾಂ ತುರಿ, ಹಾಲು 75 ಎಂಎಲ್ ಸಾಕು, ಉಳಿದ ನೀರು ಕಾಯಲ್ಲೇ ಇದೆ. ಹುಳಿ ಇಲ್ಲದ ಗಟ್ಟಿ ಮೊಸರು 150 ಗ್ರಾಂ. ಪುಡಿ ಮಾಡಿದ ಸಕ್ಕರೆ 180 ಗ್ರಾಂ. ಎಣ್ಣೆ 100 ಎಂಎಲ್. ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ನಾಲ್ಕೈದು ಏಲಕ್ಕಿ. ಕಪ್‌ನಲ್ಲಿ ಅಳೆಯುವುದಕ್ಕಿಂತ ತೂಕ ಹಾಕಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಒಂದು ಪಿಜ್ಜಾದ ದುಡ್ಡಿಗೆ ಸಿಗುತ್ತೆ. ತುರಿಯನ್ನು ಕಪ್‌ಗೆ ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು.

ಮೊದಲ ಕೆಲಸ ಕೊಬ್ಬರಿಗೆ ನೀರುಣಿಸುವುದು. ಬಿಸಿ ಹಾಲನ್ನು ಪುಡಿಯ ಮೇಲೆ ಸುರಿದು ಮುಚ್ಚಿ ಅರ್ಧ ಗಂಟೆ ಬಿಟ್ಟುಬಿಡಿ. ತಣ್ಣಗಿನ ಹಾಲು ಬೇಡ, ಬಿಸಿಯಲ್ಲಿ ಬೇಗ ಉಬ್ಬುತ್ತೆ. ತೆಗೆದು ನೋಡಿದಾಗ ಹಾಲು ಕಾಣಬಾರದು, ತುರಿ ಹೊಸದಾಗಿ ತುರಿದ ಹಾಗೆ ಉಬ್ಬಿರಬೇಕು. ಬೆರಳಲ್ಲಿ ಹಿಂಡಿದರೆ ತೊಟ್ಟಿಕ್ಕಬೇಕು. ಇದೊಂದು ಹಂತ ಬಿಡದೆ ಮಾಡಿ, ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಕೇಕ್ ಕ್ಷಮಿಸುತ್ತೆ. ಹಸಿ ತುರಿ ಬಳಸುವವರು ಬಿಳಿ ಭಾಗ ಮಾತ್ರ ತುರಿಯಿರಿ, ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ. ಇಲ್ಲದಿದ್ದರೆ ಉದ್ದುದ್ದ ನಾರು ಬಾಯಿಗೆ ಸಿಗುತ್ತೆ. ಅಜ್ಜಿಗೆ ಮಾಡಿದ್ದು ಹೀಗೆ ಸಣ್ಣಗೆ ಮಾಡಿಕೊಂಡ ಹಸಿ ತುರಿಯಲ್ಲಿ. ಹಾಲು ಹಿಂಡಿ ಉಳಿದ ಚರಟವನ್ನು ಮಾತ್ರ ಕೇಕಿಗೆ ಹಾಕಲು ಹೋಗಬೇಡಿ, ರುಚಿಯೆಲ್ಲ ಆಗಲೇ ಹೊರಟುಹೋಗಿರುತ್ತೆ.

ಎಣ್ಣೆ ವಿಷಯಕ್ಕೆ ಬರೋಣ. ಬೆಣ್ಣೆ ಹಾಕಿದರೆ ಪರಿಮಳ ಹೌದು, ಆದರೆ ಬೆಣ್ಣೆ ತಣ್ಣಗಾದಾಗ ಗಟ್ಟಿಯಾಗುತ್ತೆ, ಕೇಕೂ ಗಟ್ಟಿ ಅನಿಸುತ್ತೆ. 'ಕಾಯಿ ಕೇಕ್ ಅಲ್ವಾ, ಕೊಬ್ಬರಿ ಎಣ್ಣೆಯನ್ನೇ ಹಾಕ್ತೀನಿ' ಅನ್ನುವವರು ಇದನ್ನು ನೆನಪಿಡಿ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತೆ. ಮಂಗಳೂರಿನಲ್ಲಿ ಬಹುತೇಕ ವರ್ಷವಿಡೀ ತೊಂದರೆಯಿಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ, ಮಡಿಕೇರಿಯಲ್ಲಿ, ಅಥವಾ ವಿದೇಶದ ಚಳಿಯಲ್ಲಿ ಕೂತು ಮಾಡುವವರಿಗೆ ಅದೇ ಕೇಕ್ ಇಟ್ಟಿಗೆ. ಎರಡು ಚಮಚ ಕೊಬ್ಬರಿ ಎಣ್ಣೆ ಘಮಕ್ಕೆ, ಉಳಿದದ್ದು ಸೂರ್ಯಕಾಂತಿ ಎಣ್ಣೆ. ನನಗೆ ಇದೇ ಸರಿ ಅನಿಸಿದೆ.

ಸಕ್ಕರೆ ಕಡಿಮೆ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. 150 ಗ್ರಾಂವರೆಗೆ ಇಳಿಸಿ, ಅದಕ್ಕಿಂತ ಬೇಡ. ಸಕ್ಕರೆ ಸಿಹಿಗೆ ಮಾತ್ರ ಅಲ್ಲ, ನೀರನ್ನು ಹಿಡಿದಿಡುವ ಕೆಲಸವೂ ಅದರದ್ದೇ. ಅರ್ಧಕ್ಕೆ ಇಳಿಸಿದ ಕೇಕ್ ಆರೋಗ್ಯಕರ ಅಲ್ಲ, ಒಣ ಬ್ರೆಡ್ ಅಷ್ಟೇ. ಸಿಹಿ ಕಮ್ಮಿ ತಿನ್ನಬೇಕು ಅಂದರೆ ತೆಳ್ಳಗೆ ಸ್ಲೈಸ್ ಮಾಡಿ ತಿನ್ನಿ! ಬೆಲ್ಲದ ಪುಡಿ ಹಾಕಿದರೂ ಚೆನ್ನ, ಕಾಯಿ ಹೋಳಿಗೆಯ ಹೂರಣದ ಬಣ್ಣ ಬರುತ್ತೆ.

ಮೊಸರು, ಸಕ್ಕರೆ, ಎಣ್ಣೆ ಮೂರನ್ನೂ ಸಕ್ಕರೆ ಕರಗುವವರೆಗೆ ಕಲಸಿ. ತಣ್ಣಗಾದ ಕೊಬ್ಬರಿ, ಏಲಕ್ಕಿ ಸೇರಿಸಿ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಜರಡಿ ಹಿಡಿದು ಹಾಕಿ. ಇಲ್ಲಿಂದ ಮುಂದೆ ಕೈ ಹಗುರವಾಗಿರಲಿ. ಒಣ ಹಿಟ್ಟು ಕಾಣದ ಹಾಗೆ ಆದ ಕೂಡಲೇ ನಿಲ್ಲಿಸಿ, ಒಂದೆರಡು ಗಂಟು ಇದ್ದರೂ ಇರಲಿ. ಜಾಸ್ತಿ ತಿರುವಿದರೆ ಮೈದಾ ಜಿಗುಟಾಗಿ ಕೇಕ್ ರಬ್ಬರು. ಹದ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ, ಸೌಟಿನಿಂದ ದಪ್ಪವಾಗಿ ಜಾರಬೇಕು. ಗಟ್ಟಿ ಅನಿಸಿದರೆ ಒಂದೆರಡು ಚಮಚ ಹಾಲು. ಸೋಡಾ ಮೊಸರು ಸೇರಿದ ಮೇಲೆ ಹಿಟ್ಟನ್ನು ಕಾಯಿಸಬೇಡಿ, ಓವನ್ ಅಷ್ಟರಲ್ಲಿ ಬಿಸಿಯಾಗಿರಬೇಕು.

9 ಇಂಚಿನ ಲೋಫ್ ಟಿನ್ನಿಗೆ ಬಟರ್ ಪೇಪರ್ ಹಾಸಿ ಸುರಿಯಿರಿ. ಟಿನ್ ಚಿಕ್ಕದಾದರೆ ಮುಕ್ಕಾಲು ಮಾತ್ರ ತುಂಬಿ, ಉಳಿದ ಹಿಟ್ಟು ಎಣ್ಣೆ ಸವರಿದ ಸ್ಟೀಲ್ ಬಟ್ಟಲಿಗೆ. ಅಡುಗೆ ಮಾಡಿದವರ ಪಾಲು ಅದು. 170 ಡಿಗ್ರಿಯಲ್ಲಿ 50ರಿಂದ 60 ನಿಮಿಷ. ಮೇಲಿನ ಕಾಯಿ ಬೇಗ ಕೆಂಪಾಗುತ್ತೆ, ಒಳಗೆ ಇನ್ನೂ ಬೆಂದಿರಲ್ಲ. 35 ನಿಮಿಷಕ್ಕೆ ಒಂದು ಸಲ ನೋಡಿ, ಬಣ್ಣ ಬಂದಿದ್ದರೆ ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ. 45 ನಿಮಿಷದಿಂದ ಕಡ್ಡಿ ಚುಚ್ಚಿ ನೋಡುತ್ತಿರಿ. ಹಸಿ ಹಿಟ್ಟು ಅಂಟಬಾರದು, ಒಂದೆರಡು ತೇವದ ಚೂರು ಅಂಟಿದರೆ ಅದೇ ಹದ. ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಕಾದರೆ ಐದು ನಿಮಿಷ ತಡವಾಯಿತು ಅಂತಲೇ ಲೆಕ್ಕ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಬಾಣಲೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಉದ್ದನೆಯ ಟಿನ್ ಹಿಡಿಸದಿದ್ದರೆ 7 ಇಂಚಿನ ದುಂಡು ಟಿನ್ ಇಡಿ. ಸಣ್ಣ ಉರಿ, ಸುಮಾರು ಒಂದು ಗಂಟೆ. ಕುಕ್ಕರ್‌ನಲ್ಲಿ ಮಾಡುವವರು ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಡಲೇಬೇಕು. ಮೈಕ್ರೋವೇವ್ ಇದ್ದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ.

ಇನ್ನು ಕೊನೆಯ ಉಪಾಯ ನಮ್ಮ ಬೇಕರಿಗಳದ್ದು. ಹಾಸನ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲಿ ಬೇಕರಿ ಇಟ್ಟು ಮೊಟ್ಟೆಯಿಲ್ಲದ ಕೇಕನ್ನು ಬೀದಿಬೀದಿಗೆ ತಲುಪಿಸಿದವು. ದಿಲ್‌ಪಸಂದ್ ಒಳಗೆ ಸಿಹಿ ಕಾಯಿ, ಬನ್ ಒಳಗೆ ಕಾಯಿ, ಹನಿ ಕೇಕಿನ ಮೇಲೆ ಕೊಬ್ಬರಿ. ಆ ಹನಿ ಕೇಕ್ ಒಮ್ಮೆ ನೆನಪು ಮಾಡ್ಕೊಳ್ಳಿ. ಕೆಳಗೆ ಸಾದಾ ಸ್ಪಾಂಜ್, ಅದು ಪಾಕ ಕುಡಿದು ಒದ್ದೆಮುದ್ದೆ, ಅದರ ಮೇಲೆ ಜಾಮ್, ಮೇಲೆ ಬಿಳೀ ಕೊಬ್ಬರಿ. ಆ ಪಾಕದ ಬುದ್ಧಿಯನ್ನು ಇಲ್ಲಿಗೂ ತರಬಹುದು. ಎರಡು ದೊಡ್ಡ ಚಮಚ ಸಕ್ಕರೆ, ನಾಲ್ಕು ಚಮಚ ನೀರು ಕುದಿಸಿ, ಬಿಸಿ ಕೇಕಿಗೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಚಮಚದಲ್ಲಿ ನಿಧಾನವಾಗಿ ಹಾಕಿ. ಹತ್ತು ನಿಮಿಷ ಟಿನ್ನಲ್ಲೇ ಇರಲಿ, ಆಮೇಲೆ ತೆಗೆದು ಪೂರ್ತಿ ಆರಿಸಿ, ಕತ್ತರಿಸದೆ ಫಾಯಿಲ್‌ನಲ್ಲಿ ಸುತ್ತಿಡಿ. ಈ ಕೇಕ್ ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ, ತೇವ ಎಲ್ಲಾ ಕಡೆ ಸಮನಾಗಿ ಹರಡಿರುತ್ತೆ.

ಅಜ್ಜಿಯ ಕೇಕ್ ಇಡಿಯಾಗಿಯೇ ರೈಲು ಹತ್ತಿತು. ಮೊಟ್ಟೆ ಹಾಕಿಲ್ಲ ತಾನೇ ಅಂತ ಮೂರು ಸಲ ಕೇಳಿದರಂತೆ. ಆಮೇಲೆ ಒಂದು ಸ್ಲೈಸನ್ನು ಲೋಟದ ಹಾಲಿಗೆ ಅದ್ದದೆಯೇ ತಿಂದು, "ಇನ್ನೊಂದು ಕೊಡು, ದಪ್ಪದ್ದು" ಅಂದರಂತೆ. ಈಗ ಊರಿಂದ ಕಾಯಿ ಚೀಲದ ಜೊತೆ ಆರ್ಡರೂ ಬರುತ್ತೆ.

ಇಡುವ ವಿಚಾರ ಒಂದು ಬಾಕಿ. ಪ್ಯಾಕೆಟ್ ಪುಡಿಯ ಕೇಕ್ ಹೊರಗೆ ಎರಡು ದಿನ ಇರುತ್ತೆ. ಹಸಿ ತುರಿಯದ್ದು ಒಂದೇ ದಿನ, ಬೇಸಿಗೆಯಲ್ಲಿ ಕರಾವಳಿಯಲ್ಲಿ ಅಷ್ಟೂ ನಂಬಬೇಡಿ. ಆಮೇಲೆ ಫ್ರಿಜ್ಜೇ ಗತಿ. ಫ್ರಿಜ್‌ನ ತಂಪಲ್ಲಿ ಯಾವ ಕೇಕಾದರೂ ಬೇಗ ಬಿರುಸಾಗುತ್ತೆ, ಹಾಗಾಗಿ ತಿನ್ನುವ ಮುಂಚೆ ಮೈಕ್ರೋವೇವ್‌ನಲ್ಲಿ 10-15 ಸೆಕೆಂಡ್ ಬಿಸಿ ಮಾಡಿ. ವಾರಪೂರ್ತಿ ಡಬ್ಬಿಗೆ ಬೇಕು ಅನ್ನುವವರು ಸ್ಲೈಸ್ ಮಾಡಿ ಒಂದೊಂದನ್ನೇ ಸುತ್ತಿ ಫ್ರೀಜರ್‌ಗೆ ಹಾಕಿ, ಬೆಳಿಗ್ಗೆ ತೆಗೆದು ಬ್ಯಾಗಿಗೆ ಹಾಕಿಕೊಂಡರೆ ಹನ್ನೊಂದರ ಟೀ ಹೊತ್ತಿಗೆ ಸರಿಯಾಗಿರುತ್ತೆ. ಇಷ್ಟೆಲ್ಲ ಆಗಿಯೂ ಫ್ರಿಜ್‌ನಲ್ಲಿ ಉಳಿದ ಕೊನೆಯ ಸ್ಲೈಸುಗಳನ್ನು ದೋಸೆ ಕಾವಲಿಯ ಮೇಲೆ ತುಪ್ಪ ಸವರಿ ಎರಡೂ ಕಡೆ ಕೆಂಪಗೆ ಮಾಡಿ, ಬಿಸಿ ಇರುವಾಗಲೇ ಫಿಲ್ಟರ್ ಕಾಫಿ ಜೊತೆ ಮುಗಿಸಿಬಿಡಿ.